ತೀವ್ರ ನಿಗಾ ಘಟಕದ ರೋಗಿಗಳಲ್ಲಿ ಕಬ್ಬಿಣಾಂಶ ಮತ್ತು ರಕ್ತಹೀನತೆ

ಐಸಿಯು ಎಂದೇ ಜನರ ಬಾಯಲ್ಲಿ ನಿಂತಿರುವ ತೀವ್ರ ನಿಗಾ ಘಟಕಕ್ಕೆ ದಾಖಲಾಗುವ ವಯಸ್ಕರಲ್ಲಿ ಹೆಚ್ಚಿನವರಿಗೆ ಬರುವಾಗಲೇ ರಕ್ತಹೀನತೆ ಇರುತ್ತದೆ. ಇಲ್ಲದವರಲ್ಲೂ ಬಹುಪಾಲು ಮಂದಿಗೆ ಒಂದು ವಾರ ಕಳೆಯುವುದರೊಳಗೆ ಬಂದಿರುತ್ತದೆ. ದಾಖಲಾಗಲು ಕಾರಣ ನ್ಯುಮೋನಿಯಾ ಇರಬಹುದು, ರಸ್ತೆ ಅಪಘಾತ ಇರಬಹುದು, ದೊಡ್ಡ ಶಸ್ತ್ರಚಿಕಿತ್ಸೆಯೋ ರಕ್ತಕ್ಕೆ ಹಬ್ಬಿದ ಸೋಂಕೋ ಇರಬಹುದು. ಕಾಯಿಲೆ ಬೇರೆ ಬೇರೆಯಾದರೂ ಹಿಮೋಗ್ಲೋಬಿನ್ ಇಳಿಯುವ ಬಗೆ ಹೆಚ್ಚುಕಡಿಮೆ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಡೆಸಿಲೀಟರ್ ರಕ್ತದಲ್ಲಿ ವಯಸ್ಕ ಗಂಡಸರಿಗೆ 13 ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. ಪಶ್ಚಿಮ ಯುರೋಪಿನ 146 ಐಸಿಯುಗಳ 3,534 ರೋಗಿಗಳನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾಖಲಾಗುವಾಗಿನ ಸರಾಸರಿ 11.3 ಗ್ರಾಂ ಇತ್ತು. ಶೇ 29 ಮಂದಿಯಲ್ಲಿ ಅದು 10ಕ್ಕಿಂತ ಕೆಳಗಿತ್ತು. ಅಮೆರಿಕದ 284 ಐಸಿಯುಗಳಿಂದ 2004ರಲ್ಲಿ ಬಂದ ವರದಿಯಲ್ಲಿ ಸರಾಸರಿ 11 ಗ್ರಾಂ. ಆ ರೋಗಿಗಳಲ್ಲಿ ಶೇ 44 ಮಂದಿಗೆ ರಕ್ತ ಏರಿಸಲಾಗಿತ್ತು.

ಉಸಿರಾಟ, ರಕ್ತದೊತ್ತಡ, ಮೂತ್ರಪಿಂಡ ಇವುಗಳನ್ನು ಗಂಟೆಗಂಟೆಗೂ ಕಾಯುವ ಜಾಗದಲ್ಲಿ ರಕ್ತಹೀನತೆ ಬಹುಕಾಲ ಹಿಂದಿನ ಸಾಲಿನಲ್ಲೇ ಉಳಿಯಿತು. ಸಂಖ್ಯೆ ಇಳಿದಾಗ ಒಂದು ಚೀಲ ರಕ್ತ ಏರಿಸಿದರೆ ಮುಗಿಯಿತು ಎನ್ನುವ ಭಾವನೆ ಇತ್ತು. ಕಳೆದ ಎರಡೂವರೆ ದಶಕಗಳ ಸಂಶೋಧನೆ ಈ ನೋಟವನ್ನು ಬದಲಿಸಿದೆ. ಐಸಿಯು ರೋಗಿಯ ರಕ್ತಹೀನತೆಯಲ್ಲಿ ಎರಡು ಸಂಗತಿಗಳು ಒಟ್ಟಿಗೇ ನಡೆಯುತ್ತವೆ. ದೇಹದಲ್ಲಿರುವ ಕಬ್ಬಿಣ ರಕ್ತದ ತಯಾರಿಕೆಗೆ ಒದಗುವುದಿಲ್ಲ. ಇದ್ದ ಕಬ್ಬಿಣವೂ ದಿನದಿನಕ್ಕೆ ದೇಹ ಬಿಟ್ಟು ಹೋಗುತ್ತಿರುತ್ತದೆ. ಒಬ್ಬ ರೋಗಿಯಲ್ಲಿ ಇವೆರಡರ ಪಾಲು ಎಷ್ಟೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಚಿಕಿತ್ಸೆಯ ಕುರಿತ ಬಹುತೇಕ ವಾದವಿವಾದಗಳು ಹುಟ್ಟುವುದು ಇಲ್ಲಿಂದಲೇ.

ಕಬ್ಬಿಣದ ಓಡಾಟ

ವಯಸ್ಕರ ದೇಹದಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ. ಅದರಲ್ಲಿ ಮೂರನೇ ಎರಡರಷ್ಟು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿದೆ. ಉಳಿದದ್ದು ಯಕೃತ್ತಿನ ದಾಸ್ತಾನಿನಲ್ಲಿ, ಹಳೆಯ ರಕ್ತಕಣಗಳನ್ನು ಕಬಳಿಸುವ ಮ್ಯಾಕ್ರೊಫೇಜ್ ಕೋಶಗಳಲ್ಲಿ, ಸ್ನಾಯುಗಳಲ್ಲಿ ಮತ್ತು ಪ್ರತಿ ಜೀವಕೋಶದ ಶಕ್ತಿ ತಯಾರಿಸುವ ಕಿಣ್ವಗಳಲ್ಲಿ ಹಂಚಿಹೋಗಿದೆ. ಮೂಳೆಯೊಳಗಿನ ಮಜ್ಜೆಗೆ ಹೊಸ ರಕ್ತಕಣ ಕಟ್ಟಲು ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ಕರುಳು ಹೀರಿಕೊಳ್ಳುವುದಾದರೋ ಬರೀ 1ರಿಂದ 2 ಮಿಲಿಗ್ರಾಂ. ಮಿಕ್ಕಿದ್ದೆಲ್ಲ ಹಳೆಯ ಸರಕಿನ ಮರುಬಳಕೆ: ಸುಮಾರು 120 ದಿನ ಬಾಳಿದ ಕೆಂಪು ಕಣಗಳನ್ನು ಗುಲ್ಮ ಮತ್ತು ಯಕೃತ್ತಿನ ಮ್ಯಾಕ್ರೊಫೇಜ್‌ಗಳು ಒಡೆದು, ಕಬ್ಬಿಣವನ್ನು ಬಿಡಿಸಿ ಮತ್ತೆ ರಕ್ತಕ್ಕೆ ಬಿಡುತ್ತವೆ. ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಒಂದು ಸಲಕ್ಕೆ ಎರಡು ಕಬ್ಬಿಣದ ಪರಮಾಣುಗಳನ್ನು ಹೊತ್ತು ಮಜ್ಜೆಗೆ ಮುಟ್ಟಿಸುತ್ತದೆ. ಯಾವುದೇ ಕ್ಷಣದಲ್ಲಿ ರಕ್ತದ್ರವದಲ್ಲಿ ಹೀಗೆ ಸಾಗುತ್ತಿರುವ ಕಬ್ಬಿಣ 3-4 ಮಿಲಿಗ್ರಾಂ ಮಾತ್ರ. ಅದು ದಿನಕ್ಕೆ ಹಲವು ಬಾರಿ ಖಾಲಿಯಾಗಿ ತುಂಬಿಕೊಳ್ಳುತ್ತಿರುತ್ತದೆ. ಹೆಚ್ಚಾದದ್ದನ್ನು ಕೂಡಿಡುವುದು ಫೆರಿಟಿನ್. ಒಂದೊಂದು ಫೆರಿಟಿನ್ ಚಿಪ್ಪಿನಲ್ಲಿ 4,500ರವರೆಗೆ ಕಬ್ಬಿಣದ ಪರಮಾಣುಗಳು ಹಿಡಿಯುತ್ತವೆ.

ಹೆಚ್ಚುವರಿ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ಪ್ರತ್ಯೇಕ ದಾರಿಯಿಲ್ಲ. ಆದ್ದರಿಂದ ಅದು ನಿಯಂತ್ರಣವನ್ನೆಲ್ಲ ಒಳಬರುವ ಬಾಗಿಲಲ್ಲೇ ಇಟ್ಟುಕೊಂಡಿದೆ. ಕಬ್ಬಿಣ ದೊಡ್ಡ ಪ್ರಮಾಣದಲ್ಲಿ ಹೊರಹೋಗುವ ದಾರಿ ಒಂದೇ, ರಕ್ತಸ್ರಾವ. ಒಂದು ಗ್ರಾಂ ಹಿಮೋಗ್ಲೋಬಿನ್‌ನೊಂದಿಗೆ 3.4 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಈ ಸಂಖ್ಯೆ ಮುಂದೆ ಬೇಕಾಗುತ್ತದೆ.

ಹೆಪ್ಸಿಡಿನ್

ಸೋಂಕು ಬಹಳ ದಿನ ಕಾಡಿದ ರೋಗಿಗಳ ರಕ್ತದಲ್ಲಿ ಕಬ್ಬಿಣ ಕಡಿಮೆಯಾಗುತ್ತದೆ, ಆದರೆ ಮಜ್ಜೆಯ ದಾಸ್ತಾನು ತುಂಬಿರುತ್ತದೆ ಎಂಬುದನ್ನು ಅಮೆರಿಕದ ಯೂಟಾದಲ್ಲಿ ಜಾರ್ಜ್ ಕಾರ್ಟ್‌ರೈಟ್ ಮತ್ತು ಮ್ಯಾಕ್ಸ್‌ವೆಲ್ ವಿಂಟ್ರೋಬ್ 1940ರ ದಶಕದಲ್ಲೇ ವಿವರಿಸಿದ್ದರು. ಇದ್ದ ಕಬ್ಬಿಣ ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗಲು ಅರ್ಧ ಶತಮಾನ ಹಿಡಿಯಿತು. 2000-2001ರ ಸುಮಾರಿಗೆ ಬೇರೆ ಬೇರೆ ಪ್ರಯೋಗಾಲಯಗಳು ಯಕೃತ್ತು ತಯಾರಿಸುವ, 25 ಅಮೈನೊ ಆಮ್ಲಗಳ ಒಂದು ಪುಟ್ಟ ಹಾರ್ಮೋನನ್ನು ಗುರುತಿಸಿದವು. ಲಾಸ್ ಏಂಜಲೀಸ್‌ನ ಟೊಮಾಸ್ ಗ್ಯಾಂಜ್ ತಂಡ ಅದನ್ನು ಮನುಷ್ಯರ ಮೂತ್ರದಿಂದ ಬೇರ್ಪಡಿಸಿತು. ಅದೇ ಹೆಪ್ಸಿಡಿನ್. ಕೋಶದಿಂದ ಕಬ್ಬಿಣ ಹೊರಬರಲು ಇರುವ ಒಂದೇ ದ್ವಾರ ಫೆರೊಪೋರ್ಟಿನ್ ಎಂಬ ಪ್ರೋಟೀನು. ಹೆಪ್ಸಿಡಿನ್ ಅದಕ್ಕೆ ಅಂಟಿಕೊಂಡು, ಅದನ್ನು ಕೋಶದೊಳಕ್ಕೆ ಎಳೆದು ನಾಶ ಮಾಡಿಸುತ್ತದೆ ಎಂದು ಎಲಿಜಬೆಟಾ ನೆಮೆತ್ ಮತ್ತು ಗ್ಯಾಂಜ್ 2004ರಲ್ಲಿ ತೋರಿಸಿಕೊಟ್ಟರು. ಪರಿಣಾಮವಾಗಿ ಮ್ಯಾಕ್ರೊಫೇಜ್‌ನಲ್ಲಿದ್ದ ಕಬ್ಬಿಣ ಅಲ್ಲೇ ಉಳಿಯುತ್ತದೆ, ಕರುಳಿನ ಕೋಶ ಹೀರಿಕೊಂಡದ್ದು ರಕ್ತಕ್ಕೆ ದಾಟುವುದಿಲ್ಲ. ಕಣಜ ತುಂಬಿದ್ದರೂ ಬೀಗ ಬಿದ್ದಿದೆ, ಅಡುಗೆಮನೆಯಲ್ಲಿ ಕಾಳಿಲ್ಲ ಎಂಬಂಥ ಸ್ಥಿತಿ ಅದು.

ಉರಿಯೂತವೇ ಆ ಬೀಗ ಹಾಕಿಸುವುದು. ಸೋಂಕು, ಗಾಯ, ಶಸ್ತ್ರಚಿಕಿತ್ಸೆ ಯಾವುದಾದರೂ ಇಂಟರ್‌ಲ್ಯುಕಿನ್-6 ಎಂಬ ಸಂದೇಶವಾಹಕವನ್ನು ಏರಿಸುತ್ತದೆ, ಅದು ಯಕೃತ್ತಿಗೆ ಹೆಪ್ಸಿಡಿನ್ ಹೆಚ್ಚಿಸಲು ಸೂಚಿಸುತ್ತದೆ. ಆರೋಗ್ಯವಂತ ಸ್ವಯಂಸೇವಕರಿಗೆ ಬ್ಯಾಕ್ಟೀರಿಯಾದ ವಿಷಾಂಶವನ್ನು ಸ್ವಲ್ಪ ಚುಚ್ಚಿ ನೋಡಿದಾಗ ಕೆಲವೇ ಗಂಟೆಗಳಲ್ಲಿ ಹೆಪ್ಸಿಡಿನ್ ಏರಿ, ರಕ್ತದ ಕಬ್ಬಿಣ ಇಳಿದದ್ದು ಕಂಡಿತು. ಐಸಿಯು ರೋಗಿಯಲ್ಲಿ ಈ ಸಂದೇಶ ಗಂಟೆಗಳ ಮಟ್ಟಿಗೆ ನಿಲ್ಲದೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಮುಂದುವರಿಯುತ್ತದೆ.

ದೇಹ ತನ್ನ ಕಬ್ಬಿಣವನ್ನು ತಾನೇ ಮುಚ್ಚಿಡುವುದೇಕೆ? ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ಅದನ್ನು ಕಸಿಯಲೆಂದೇ ಅವು ಸಿಡೆರೊಫೋರ್ ಎಂಬ ಅಣುಗಳನ್ನು ಹೊರಬಿಡುತ್ತವೆ. 1944ರಲ್ಲಿ ಆರ್ಥರ್ ಶೇಡ್ ಮತ್ತು ಲಿಯೋನಾ ಕ್ಯಾರೊಲಿನ್ ಹಸಿ ಮೊಟ್ಟೆಯ ಬಿಳಿಭಾಗ ಆಮಶಂಕೆಯ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಕಬ್ಬಿಣ ಸೇರಿಸಿದರೆ ಆ ತಡೆ ಹೋಗುತ್ತದೆ ಎಂದು ಕಂಡುಕೊಂಡರು. ಎರಡು ವರ್ಷದ ನಂತರ ಮನುಷ್ಯರ ರಕ್ತದಲ್ಲೂ ಅಂಥದೇ ಪ್ರೋಟೀನನ್ನು ಗುರುತಿಸಿದರು. ಇಂದು ನಾವು ಟ್ರಾನ್ಸ್‌ಫೆರಿನ್ ಎನ್ನುವುದು ಅದನ್ನೇ. ಕಬ್ಬಿಣ ಸುಲಭವಾಗಿ ಸಿಕ್ಕರೆ ಏನಾಗಬಹುದು ಎಂಬುದಕ್ಕೆ 2009ರ ಷಿಕಾಗೊ ಘಟನೆಯೊಂದು ಕಟುವಾದ ಸಾಕ್ಷಿ. ಪ್ಲೇಗ್ ಬ್ಯಾಕ್ಟೀರಿಯಾದ ದುರ್ಬಲ ತಳಿಯೊಂದರ ಜೊತೆ ಕೆಲಸ ಮಾಡುತ್ತಿದ್ದ ವಿಜ್ಞಾನಿಯೊಬ್ಬರು ಅದೇ ಸೋಂಕಿನಿಂದ ತೀರಿಕೊಂಡರು. ಆ ತಳಿ ಕಬ್ಬಿಣ ಕಸಿಯುವ ಶಕ್ತಿಯನ್ನೇ ಕಳೆದುಕೊಂಡಿತ್ತು, ಆದ್ದರಿಂದ ಅಪಾಯವಿಲ್ಲದ್ದೆಂದು ಎಣಿಸಲಾಗಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಅವರಿಗೆ ದೇಹದಲ್ಲಿ ಕಬ್ಬಿಣ ಅತಿಯಾಗಿ ಸೇರುವ ಆನುವಂಶಿಕ ಕಾಯಿಲೆ ಇದ್ದದ್ದು ಗೊತ್ತಾಯಿತು. ಜಾಂಜಿಬಾರ್‌ನ ಪೆಂಬಾ ದ್ವೀಪದಲ್ಲಿ, ಮಲೇರಿಯಾ ಹೆಚ್ಚಿರುವ ಜಾಗದಲ್ಲಿ, ಮಕ್ಕಳಿಗೆ ದಿನವೂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟಾಗ ಸಾವು ಅಥವಾ ಆಸ್ಪತ್ರೆ ಚಿಕಿತ್ಸೆಯ ಸಂಭವ ಶೇ 12ರಷ್ಟು ಹೆಚ್ಚಿತು ಎಂದು 2006ರಲ್ಲಿ ವರದಿಯಾಯಿತು. ಹಾಗಾಗಿ ಸೋಂಕಿನ ನಡುವೆ ಕಬ್ಬಿಣ ಇಳಿಯುವುದನ್ನು ಕೇವಲ ದೋಷವೆಂದು ನೋಡಬಾರದು. ಅದು ದೇಹದ ರಕ್ಷಣೆಯೂ ಹೌದು. ರಕ್ಷಣೆ ಹತ್ತು ದಿನ ಕಳೆದರೂ ಸಡಿಲವಾಗದಿದ್ದಾಗ ಅದೇ ಹೊರೆಯಾಗುತ್ತದೆ.

ಮಜ್ಜೆಯೂ ಈ ನಡುವೆ ಮಂಕಾಗಿರುತ್ತದೆ. ರಕ್ತ ಕಡಿಮೆಯಾದಾಗ ಮೂತ್ರಪಿಂಡ ಎರಿಥ್ರೊಪೊಯೆಟಿನ್ ಹಾರ್ಮೋನನ್ನು ಹೆಚ್ಚು ಸ್ರವಿಸಬೇಕು. ಐಸಿಯು ರೋಗಿಗಳಲ್ಲಿ ಅದು ಬೇಕಾದಷ್ಟು ಏರುವುದಿಲ್ಲ, ಏರಿದ್ದಕ್ಕೂ ಮಜ್ಜೆ ಸರಿಯಾಗಿ ಸ್ಪಂದಿಸುವುದಿಲ್ಲ. ಕೆಂಪು ಕಣಗಳ ಆಯಸ್ಸೂ ಕುಗ್ಗುತ್ತದೆ. ಇದಕ್ಕೆ ಎದುರಾಗಿ ಕೆಲಸ ಮಾಡುವ ಒಂದು ಸಂದೇಶವೂ ಇದೆ. 2014ರಲ್ಲಿ ಪತ್ತೆಯಾದ ಎರಿಥ್ರೊಫೆರೋನ್ ಅನ್ನು ಮಜ್ಜೆಯ ಎಳೆಯ ಕಣಗಳೇ ಸ್ರವಿಸಿ, ಹೆಪ್ಸಿಡಿನ್ ಇಳಿಸುವಂತೆ ಯಕೃತ್ತಿಗೆ ತಿಳಿಸುತ್ತವೆ. ಉರಿಯೂತದ ಜೊತೆಗೆ ರಕ್ತಸ್ರಾವವೂ ಜೋರಾಗಿದ್ದ ರೋಗಿಯಲ್ಲಿ ಹೆಪ್ಸಿಡಿನ್ ನಿರೀಕ್ಷೆಗಿಂತ ಕಡಿಮೆ ಇರಲು ಇದೂ ಒಂದು ಕಾರಣ. ಅಂಥ ರೋಗಿಯಲ್ಲಿ ಬೀಗ ಪೂರ್ತಿ ಬಿದ್ದಿಲ್ಲ. ಕಬ್ಬಿಣ ಕೊಟ್ಟರೆ ಮಜ್ಜೆಗೆ ತಲುಪಬಹುದು. ಮುಂದಿನ ಚಿಕಿತ್ಸಾ ಪ್ರಯೋಗಗಳಲ್ಲಿ ಒಂದಕ್ಕೆ ಆಧಾರವಾದದ್ದು ಈ ವಿಚಾರವೇ.

ಪರೀಕ್ಷೆಗೆಂದು ತೆಗೆದ ರಕ್ತ

ಐಸಿಯುನಲ್ಲಿ ರಕ್ತ ನಷ್ಟವಾಗುವ ದಾರಿಗಳು ಹಲವು: ಗಾಯ, ಶಸ್ತ್ರಚಿಕಿತ್ಸೆ, ಜಠರದ ಹುಣ್ಣು, ಡಯಾಲಿಸಿಸ್ ಯಂತ್ರದಲ್ಲಿ ಹೆಪ್ಪುಗಟ್ಟಿ ಉಳಿಯುವ ರಕ್ತ. ಡ್ರಿಪ್‌ನಲ್ಲಿ ಕೊಟ್ಟ ದ್ರವದಿಂದ ರಕ್ತ ತೆಳುವಾಗಿ, ನಷ್ಟವಾಗದೆಯೇ ಸಂಖ್ಯೆ ಇಳಿದಂತೆ ಕಾಣುವುದೂ ಉಂಟು. ಆದರೆ ಎಲ್ಲ ರೋಗಿಗಳಿಗೂ ತಟ್ಟುವ, ಆಸ್ಪತ್ರೆಯೇ ತಡೆಯಬಹುದಾದ ನಷ್ಟ ಪರೀಕ್ಷೆಗೆಂದು ತೆಗೆಯುವ ರಕ್ತ.

ಮೇಲೆ ಹೇಳಿದ ಯುರೋಪಿನ ಅಧ್ಯಯನದಲ್ಲಿ ಒಬ್ಬ ರೋಗಿಯಿಂದ ದಿನಕ್ಕೆ ಸರಾಸರಿ 41 ಮಿಲಿಲೀಟರ್ ರಕ್ತ ತೆಗೆಯಲಾಗುತ್ತಿತ್ತು. ಹಿಮೋಗ್ಲೋಬಿನ್ 10 ಇರುವ ರೋಗಿಯಲ್ಲಿ ಇದರ ಲೆಕ್ಕ ಹೀಗೆ: 41 ಮಿಲಿಲೀಟರಿನಲ್ಲಿ 4.1 ಗ್ರಾಂ ಹಿಮೋಗ್ಲೋಬಿನ್, ಅದರೊಂದಿಗೆ ಸುಮಾರು 14 ಮಿಲಿಗ್ರಾಂ ಕಬ್ಬಿಣ. ಆರೋಗ್ಯವಂತನೊಬ್ಬ ಒಂದು ವಾರಕ್ಕೂ ಹೆಚ್ಚು ಕಾಲ ಊಟದಿಂದ ಗಳಿಸುವಷ್ಟು ಕಬ್ಬಿಣ ಒಂದೇ ದಿನದಲ್ಲಿ ಪ್ರಯೋಗಾಲಯಕ್ಕೆ ಹೋಯಿತು. ಎರಡು ವಾರ ಹೀಗೇ ನಡೆದರೆ ಹತ್ತಿರಹತ್ತಿರ 200 ಮಿಲಿಗ್ರಾಂ. ಹೆಪ್ಸಿಡಿನ್ ಕರುಳಿನ ಬಾಗಿಲು ಮುಚ್ಚಿರುವುದರಿಂದ ಅದನ್ನು ತುಂಬಿಕೊಳ್ಳುವ ದಾರಿಯೂ ಆಗ ಇಲ್ಲ. ಅಪಧಮನಿಗೆ ಕೊಳವೆ ಹಾಕಿದ ರೋಗಿಯಿಂದ ರಕ್ತ ತೆಗೆಯುವುದು ಸುಲಭ, ಹಾಗಾಗಿ ಹೆಚ್ಚು ಸಲ ತೆಗೆಯಲಾಗುತ್ತದೆ. ಪ್ರತಿಸಲವೂ ಕೊಳವೆಯಲ್ಲಿ ದ್ರವದೊಂದಿಗೆ ಬೆರೆತ ಮೊದಲ ಕೆಲವು ಮಿಲಿಲೀಟರುಗಳನ್ನು ಎಸೆಯುವ ರೂಢಿ ನಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎಸೆಯುವ ಆ ರಕ್ತವನ್ನು ಮುಚ್ಚಿದ ವ್ಯವಸ್ಥೆಯಲ್ಲೇ ಉಳಿಸಿ ರೋಗಿಗೆ ಮರಳಿಸುವ ಸಾಧನಗಳಿವೆ.

ಇದಕ್ಕಿಂತಲೂ ಸರಳವಾದ ಉಪಾಯ ಚಿಕ್ಕ ಟ್ಯೂಬು. ಇಂದಿನ ಪರೀಕ್ಷಾ ಯಂತ್ರಗಳಿಗೆ ಬೇಕಾಗುವ ರಕ್ತ ಬಹಳ ಕಡಿಮೆ, ಟ್ಯೂಬಿನಲ್ಲಿ ತುಂಬಿದ್ದರಲ್ಲಿ ಹೆಚ್ಚಿನ ಪಾಲು ಕೊನೆಗೆ ತ್ಯಾಜ್ಯಕ್ಕೇ ಹೋಗುತ್ತದೆ. ಕೆನಡಾದ 25 ಐಸಿಯುಗಳಲ್ಲಿ ಸಾಮಾನ್ಯ ಟ್ಯೂಬುಗಳ ಬದಲು ಕಡಿಮೆ ರಕ್ತ ಎಳೆಯುವ ಟ್ಯೂಬುಗಳನ್ನು ಹಂತಹಂತವಾಗಿ ಬಳಕೆಗೆ ತಂದು ನೋಡಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮುಖ್ಯ ವಿಶ್ಲೇಷಣೆಯಲ್ಲಿ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಆದರೆ 27,411 ರೋಗಿಗಳನ್ನೂ ಸೇರಿಸಿಕೊಂಡ, ಮೊದಲೇ ಯೋಜಿಸಿದ್ದ ಎರಡನೆಯ ವಿಶ್ಲೇಷಣೆಯಲ್ಲಿ ಪ್ರತಿ 100 ರೋಗಿಗಳಿಗೆ ಸುಮಾರು 10 ಚೀಲ ರಕ್ತ ಉಳಿಯಿತು. ರಕ್ತ ಸಾಲದೆ ಪರೀಕ್ಷೆ ಕೈಬಿಟ್ಟ ಸಂದರ್ಭಗಳು ಇಲ್ಲವೆನ್ನುವಷ್ಟು ಕಡಿಮೆ. ಔಷಧವಿಲ್ಲ, ಅಡ್ಡಪರಿಣಾಮವಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಇಷ್ಟು ನಿರಪಾಯಕಾರಿಯಾದ ಕ್ರಮ ಐಸಿಯು ವೈದ್ಯಕೀಯದಲ್ಲಿ ಅಪರೂಪ. ಬೆಳಗಿನ ಸುತ್ತಿನಲ್ಲಿ ರೂಢಿಗೆಂದು ಬರೆಯುವ ಪರೀಕ್ಷೆಗಳ ಪಟ್ಟಿಯನ್ನು ಕಡಿತಗೊಳಿಸುವುದೂ ಇದೇ ಸಾಲಿಗೆ ಸೇರುತ್ತದೆ.

ಪತ್ತೆಹಚ್ಚುವುದರ ಕಷ್ಟ

ಹೊರರೋಗಿ ವಿಭಾಗದಲ್ಲಿ ಕಬ್ಬಿಣದ ಕೊರತೆ ಕಂಡುಹಿಡಿಯುವುದು ಸುಲಭ: ಫೆರಿಟಿನ್ ಕಡಿಮೆ ಇದ್ದರೆ ಕೊರತೆ ಇದೆ. ಐಸಿಯುನಲ್ಲಿ ಈ ಸೂತ್ರ ಕೈಕೊಡುತ್ತದೆ. ಉರಿಯೂತದಲ್ಲಿ ಫೆರಿಟಿನ್ ತಾನಾಗಿಯೇ ಏರುತ್ತದೆ. ದಾಸ್ತಾನು ಬರಿದಾಗಿದ್ದರೂ ವರದಿಯಲ್ಲಿ ದೊಡ್ಡ ಸಂಖ್ಯೆ ಕಾಣಬಹುದು. ರಕ್ತದ ಕಬ್ಬಿಣ ಮತ್ತು ಟ್ರಾನ್ಸ್‌ಫೆರಿನ್‌ನ ತುಂಬುವಿಕೆಯ ಪ್ರಮಾಣ ನಿಜವಾದ ಕೊರತೆಯಲ್ಲೂ ಉರಿಯೂತದಲ್ಲೂ ಇಳಿಯುತ್ತವೆ. ತುಂಬುವಿಕೆ ಶೇ 20ಕ್ಕಿಂತ ಕಡಿಮೆಯೆಂದರೆ ಮಜ್ಜೆಗೆ ಕಬ್ಬಿಣ ಸಾಕಷ್ಟು ತಲುಪುತ್ತಿಲ್ಲ ಎಂದಷ್ಟೇ ತಿಳಿಯುತ್ತದೆ, ಯಾಕೆ ಎಂದು ತಿಳಿಯುವುದಿಲ್ಲ. ಫೆರಿಟಿನ್ ಲೀಟರಿಗೆ 100 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ಉರಿಯೂತವಿದ್ದರೂ ಕೊರತೆ ಇದೆಯೆಂದು ನಂಬಬಹುದು. ಅದಕ್ಕಿಂತ ಮೇಲಿದ್ದರೆ ತೀರ್ಮಾನಕ್ಕೆ ಬರಲಾಗದು.

ಹೆಚ್ಚು ಭರವಸೆ ಇರುವುದು ಎಳೆಯ ಕೆಂಪು ಕಣಗಳಾದ ರೆಟಿಕ್ಯುಲೊಸೈಟ್‌ಗಳೊಳಗಿನ ಹಿಮೋಗ್ಲೋಬಿನ್ ಅಳೆಯುವ ಪರೀಕ್ಷೆಯಲ್ಲಿ. ಈ ಕಣಗಳು ಮಜ್ಜೆಯಿಂದ ಹೊರಬಂದು ಒಂದೆರಡು ದಿನವಷ್ಟೇ ಆಗಿರುವುದರಿಂದ, ಅವುಗಳಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಈಚಿನ ದಿನಗಳಲ್ಲಿ ಮಜ್ಜೆಗೆ ಕಬ್ಬಿಣ ಸಾಲಲಿಲ್ಲ ಎಂದು ಗೊತ್ತಾಗುತ್ತದೆ. ದೊಡ್ಡ ಪ್ರಯೋಗಾಲಯಗಳ ರಕ್ತಕಣ ಎಣಿಸುವ ಯಂತ್ರಗಳು ಇದನ್ನು ಸಾಮಾನ್ಯ ಪರೀಕ್ಷೆಯ ಜೊತೆಗೇ ಕೊಡಬಲ್ಲವು, ಬೇರೆ ರಕ್ತ ತೆಗೆಯಬೇಕಿಲ್ಲ. ಹೆಪ್ಸಿಡಿನ್ ಅನ್ನೇ ಅಳೆಯುವುದು ತರ್ಕಕ್ಕೆ ಒಪ್ಪುವ ಮಾತು, ಆದರೆ ಆ ಪರೀಕ್ಷೆ ಇನ್ನೂ ಸಂಶೋಧನಾ ಕೇಂದ್ರಗಳನ್ನು ದಾಟಿ ವಾರ್ಡಿಗೆ ಬಂದಿಲ್ಲ. ಇವೆಲ್ಲದರ ನಡುವೆ ಬಿ12 ಮತ್ತು ಫೋಲೇಟ್ ಕೊರತೆಯನ್ನು ಮರೆಯಬಾರದು. ಸಸ್ಯಾಹಾರಿಗಳು ಹೆಚ್ಚಿರುವ ನಮ್ಮಲ್ಲಿ ಬಿ12 ಕೊರತೆ ಅಪರೂಪವಲ್ಲ, ಕಬ್ಬಿಣದ ಕೊರತೆಯ ಜೊತೆ ಸೇರಿದಾಗ ಕಣಗಳ ಗಾತ್ರ ನೋಡಿ ಎರಡನ್ನೂ ಗುರುತಿಸಲಾಗದೆ ಹೋಗಬಹುದು.

ರಕ್ತ ಏರಿಸುವುದು

1942ರಲ್ಲಿ ಮೇಯೊ ಕ್ಲಿನಿಕ್‌ನ ಆಡಮ್ಸ್ ಮತ್ತು ಲುಂಡಿ ಶಸ್ತ್ರಚಿಕಿತ್ಸೆಗೆ ಮುನ್ನ ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ ರಕ್ತ ಏರಿಸುವುದು ಒಳ್ಳೆಯದೆಂದು ಸಲಹೆ ಕೊಟ್ಟರು. ಪ್ರಯೋಗದ ಆಧಾರವಿಲ್ಲದ ಆ ಮಾತು ಐವತ್ತು ವರ್ಷ ನಿಯಮದಂತೆ ನಡೆಯಿತು. ಅದನ್ನು ಅಲುಗಾಡಿಸಿದ್ದು ಕೆನಡಾದ ಪಾಲ್ ಹೆಬೆರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗ. 25 ಐಸಿಯುಗಳ 838 ರೋಗಿಗಳಲ್ಲಿ ಒಂದು ಗುಂಪಿಗೆ ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ, ಇನ್ನೊಂದಕ್ಕೆ 10ಕ್ಕಿಂತ ಇಳಿದಾಗಲೇ ರಕ್ತ ಕೊಡಲಾಯಿತು. ಮೂವತ್ತು ದಿನಗಳಲ್ಲಿ ಸತ್ತವರು ಮೊದಲ ಗುಂಪಿನಲ್ಲಿ ಶೇ 18.7, ಎರಡನೆಯದರಲ್ಲಿ ಶೇ 23.3. ಕಡಿಮೆ ರಕ್ತ ಪಡೆದವರು ಕೆಡುಕಿಗೇನೂ ಒಳಗಾಗಲಿಲ್ಲ; ಕಿರಿಯ ವಯಸ್ಸಿನ, ಅಷ್ಟು ವಿಷಮ ಸ್ಥಿತಿಯಲ್ಲಿಲ್ಲದ ರೋಗಿಗಳಿಗೆ ಒಳಿತೇ ಆಯಿತು. ರಕ್ತಕ್ಕೆ ಹಬ್ಬಿದ ಸೋಂಕಿನಿಂದ ರಕ್ತದೊತ್ತಡ ಕುಸಿದ ಸುಮಾರು ಸಾವಿರ ರೋಗಿಗಳಲ್ಲಿ 7 ಮತ್ತು 9ರ ಗೆರೆಗಳನ್ನು ಹೋಲಿಸಿದ ಸ್ಕ್ಯಾಂಡಿನೇವಿಯಾದ ಪ್ರಯೋಗವೂ 2014ರಲ್ಲಿ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಈಗ ರಕ್ತಸ್ರಾವವಿಲ್ಲದ ಬಹುತೇಕ ಐಸಿಯು ರೋಗಿಗಳಿಗೆ 7ರ ಗೆರೆಯೇ ರೂಢಿ.

ಈ ಗೆರೆ ಎಲ್ಲರಿಗೂ ಒಂದೇ ಅಲ್ಲ. ಹೃದಯಾಘಾತವಾದವರಲ್ಲಿ 3,504 ಮಂದಿಯ ಮೇಲೆ ನಡೆದ 2023ರ ಪ್ರಯೋಗದಲ್ಲಿ ಹೆಚ್ಚು ರಕ್ತ ಪಡೆದವರ ಕಡೆಗೆ ತುಸು ಒಲವು ಕಂಡಿತು, ಖಚಿತ ಎನ್ನುವ ಮಟ್ಟಿಗಲ್ಲ. ಮೆದುಳಿಗೆ ಪೆಟ್ಟಾದ ರೋಗಿಗಳಲ್ಲಿ 7ಕ್ಕಿಂತ 9ರ ಗೆರೆ ಮೇಲೆಂದು 2024ರಲ್ಲಿ ಯುರೋಪಿನಿಂದ ಬಂದ ಪ್ರಯೋಗವೊಂದು ಸೂಚಿಸಿತು. ಆಮ್ಲಜನಕದ ಕೊರತೆಯನ್ನು ಸಹಿಸದ ಅಂಗಕ್ಕೇ ಪೆಟ್ಟಾದಾಗ ಹೆಚ್ಚು ಎಚ್ಚರ ಬೇಕೆನ್ನುವುದು ಇದರ ತಾತ್ಪರ್ಯ.

ರಕ್ತ ಏರಿಸುವುದರಿಂದ ಕಬ್ಬಿಣವೂ ಬರುತ್ತದೆ. ಒಂದು ಚೀಲ ಕೆಂಪು ಕಣಗಳಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇದೆ. ಅದು ಕೂಡಲೇ ಮಜ್ಜೆಗೆ ಸಿಗುವುದಿಲ್ಲ. ಕೊಟ್ಟ ಕಣಗಳು ಒಡೆದು ಮ್ಯಾಕ್ರೊಫೇಜ್‌ಗಳ ಪಾಲಾದ ಮೇಲೆ ಮತ್ತೆ ಹೆಪ್ಸಿಡಿನ್‌ನ ಅಪ್ಪಣೆಗೇ ಕಾಯಬೇಕು. ಪದೇ ಪದೇ ರಕ್ತ ಪಡೆದವರಿಗೆ ಕಬ್ಬಿಣದ ಕೊರತೆ ಇರಲಿಕ್ಕಿಲ್ಲವೆಂದು ಎಣಿಸುವಾಗ ಅವರು ಕಳೆದುಕೊಂಡದ್ದೆಷ್ಟು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಬ್ಬಿಣ ಮತ್ತು ಎರಿಥ್ರೊಪೊಯೆಟಿನ್ ಚಿಕಿತ್ಸೆ

ಎರಿಥ್ರೊಪೊಯೆಟಿನ್ ಸಾಲದಿದ್ದರೆ ಅದನ್ನು ಹೊರಗಿನಿಂದ ಕೊಟ್ಟರಾಯಿತಲ್ಲ ಎಂಬ ಯೋಚನೆಯನ್ನು ಅಮೆರಿಕದ ಹೋವರ್ಡ್ ಕಾರ್ವಿನ್ ಮತ್ತು ಸಹೋದ್ಯೋಗಿಗಳು ಮೂರು ಪ್ರಯೋಗಗಳಲ್ಲಿ ಒರೆಗೆ ಹಚ್ಚಿದರು. 2002ರಲ್ಲಿ 1,302 ರೋಗಿಗಳಲ್ಲಿ ರಕ್ತ ಏರಿಸುವ ಅಗತ್ಯ ಕಡಿಮೆಯಾಯಿತು. 2007ರಲ್ಲಿ 1,460 ರೋಗಿಗಳಲ್ಲಿ ಅದೂ ಕಾಣಲಿಲ್ಲ. ಹೆಪ್ಪುಗಟ್ಟುವ ತೊಂದರೆ ಹೆಚ್ಚಿತು. ಅಪಘಾತದ ರೋಗಿಗಳಲ್ಲಿ ಮಾತ್ರ ಸಾವು ಕಡಿಮೆಯಾದಂತೆ ತೋರಿತು. ಇಂದು ಇದು ಎಲ್ಲರಿಗೂ ಕೊಡುವ ಔಷಧವಲ್ಲ.

ಕಬ್ಬಿಣವನ್ನೇ ಕೊಡುವ ಪ್ರಯೋಗಗಳು ಹೆಚ್ಚು ಪಾಠ ಕಲಿಸಿವೆ. ಬಾಯಿಯ ಮೂಲಕ ಅಥವಾ ಮೂಗಿನ ಕೊಳವೆಯಲ್ಲಿ ಕೊಡುವ ಕಬ್ಬಿಣ ಉರಿಯೂತದ ದಿನಗಳಲ್ಲಿ ಕರುಳಲ್ಲೇ ತಡೆಯಲ್ಪಡುತ್ತದೆ. ಹುಣ್ಣು ತಡೆಯಲು ಕೊಡುವ ಆಮ್ಲ ಕುಗ್ಗಿಸುವ ಔಷಧಗಳು ಆ ತಡೆಯನ್ನು ಹೆಚ್ಚಿಸುತ್ತವೆ. ಹಾಗಾಗಿ ಗಮನವೆಲ್ಲ ನರಕ್ಕೆ ಕೊಡುವ ಕಬ್ಬಿಣದ ಮೇಲಿದೆ. ಅಮೆರಿಕದಲ್ಲಿ ಅಪಘಾತದ 150 ರೋಗಿಗಳಲ್ಲಿ ಒಂದು ಗುಂಪಿಗೆ ಐರನ್ ಸುಕ್ರೋಸ್ 100 ಮಿಲಿಗ್ರಾಂ ವಾರಕ್ಕೆ ಮೂರು ಸಲ ಕೊಟ್ಟ 2014ರ ಪ್ರಯೋಗದಲ್ಲಿ ಫೆರಿಟಿನ್ ಏರಿತು, ಹಿಮೋಗ್ಲೋಬಿನ್ ಏರಲಿಲ್ಲ. ಕೊಟ್ಟದ್ದು ಮಜ್ಜೆಗೆ ಹೋಗದೆ ದಾಸ್ತಾನಿಗೇ ಸೇರಿತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಎಡ್ವರ್ಡ್ ಲಿಟ್ಟನ್ ತಂಡ 2016ರಲ್ಲಿ ಪ್ರಕಟಿಸಿದ 140 ರೋಗಿಗಳ ಪ್ರಯೋಗದಲ್ಲಿ 500 ಮಿಲಿಗ್ರಾಂ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಬಳಸಲಾಯಿತು. ರಕ್ತ ಏರಿಸುವ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಬರಲಿಲ್ಲ, ಆದರೆ ಆಸ್ಪತ್ರೆ ಬಿಡುವಾಗ ಕಬ್ಬಿಣ ಪಡೆದವರ ಹಿಮೋಗ್ಲೋಬಿನ್ 10.7, ಪಡೆಯದವರದು 10 ಇತ್ತು.

ಫ್ರಾನ್ಸಿನ ಸಿಗಿಸ್ಮಂಡ್ ಲಾಸೊಕಿ ತಂಡ ಬೇರೆ ದಾರಿ ಹಿಡಿಯಿತು. ಐಸಿಯು ಬಿಡುವ ಹಂತದಲ್ಲಿರುವ 399 ರೋಗಿಗಳಲ್ಲಿ ಒಂದು ಗುಂಪಿನವರ ಹೆಪ್ಸಿಡಿನ್ ಅಳೆದು, ಬೀಗ ತೆರೆದಿದೆ ಎಂದು ಕಂಡವರಿಗೆ ಮಾತ್ರ ಕಬ್ಬಿಣ ಕೊಡುವುದು ಅವರ ಯೋಜನೆ. 2021ರ ವರದಿಯ ಪ್ರಕಾರ ಮುಂದಿನ ಮೂರು ತಿಂಗಳಲ್ಲಿ ಆಸ್ಪತ್ರೆಯಲ್ಲಿ ಕಳೆದ ದಿನಗಳು ಕಡಿಮೆಯಾಗಲಿಲ್ಲ. ಅವರ ಮುಖ್ಯ ಗುರಿ ಅದೇ ಆಗಿತ್ತು. ತೊಂಬತ್ತು ದಿನಗಳ ಸಾವು ಮಾತ್ರ ಹೆಪ್ಸಿಡಿನ್ ಅಳೆದ ಗುಂಪಿನಲ್ಲಿ ಕಡಿಮೆ ಇತ್ತು. ಮುಖ್ಯ ಗುರಿಯಲ್ಲದ ಫಲಿತಾಂಶವನ್ನು ಸಾಬೀತೆಂದು ಹಿಡಿಯಲಾಗದು. ಆದರೂ ಯಾರಿಗೆ ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ ಎಂದು ಈ ಪ್ರಯೋಗ ಎತ್ತಿ ತೋರಿಸಿತು.

ಸೋಂಕಿನ ಭಯಕ್ಕೆ ಆಧಾರವಿದೆ. ಐಸಿಯುಗೆ ಸೀಮಿತವಾಗದ 154 ಪ್ರಯೋಗಗಳನ್ನು, ಒಟ್ಟು 32,920 ಮಂದಿಯನ್ನು, ಒಟ್ಟುಗೂಡಿಸಿ 2021ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ನರಕ್ಕೆ ಕಬ್ಬಿಣ ಪಡೆದವರಲ್ಲಿ ಸೋಂಕಿನ ಸಂಭವ ಶೇ 16ರಷ್ಟು ಹೆಚ್ಚಿತ್ತು. ಹಾಗಾಗಿ ಸೋಂಕು ಉಲ್ಬಣಿಸಿರುವ ಮೊದಲ ದಿನಗಳಲ್ಲಿ ಕಬ್ಬಿಣ ಕೊಡಲು ವೈದ್ಯರು ಹಿಂಜರಿಯುವುದು ಸರಿಯೇ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಪಡೆದ ಕೆಲವರಲ್ಲಿ ರಕ್ತದ ಫಾಸ್ಫೇಟ್ ಇಳಿಯುತ್ತದೆ, ಅದರಿಂದ ಸ್ನಾಯುಗಳು ಸೋಲಬಹುದು. ವೆಂಟಿಲೇಟರ್‌ನಿಂದ ಹೊರಬರಲು ಉಸಿರಾಟದ ಸ್ನಾಯುಗಳ ಬಲ ಬೇಕಾದ ರೋಗಿಗೆ ಇದೂ ಮುಖ್ಯ.

ಕರ್ನಾಟಕದ ಐಸಿಯುಗಳಲ್ಲಿ

ಪಶ್ಚಿಮದ ಅಧ್ಯಯನಗಳ ಸಂಖ್ಯೆಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57, ಕರ್ನಾಟಕದಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ದೇಶದ ಗಂಡಸರಲ್ಲಿ ಶೇ 25. ಅಂದರೆ ಹೆರಿಗೆಯ ನಂತರದ ರಕ್ತಸ್ರಾವದಿಂದ ಐಸಿಯು ಸೇರುವ ತಾಯಿ ಎಷ್ಟೋ ಸಲ ಬರಿದಾದ ದಾಸ್ತಾನಿನೊಂದಿಗೇ ಬರುತ್ತಾಳೆ. ಯುರೋಪಿನ ರೋಗಿ ತಡೆದುಕೊಳ್ಳುವಷ್ಟು ರಕ್ತನಷ್ಟವನ್ನು ಅವಳು ತಡೆಯಲಾರಳು. ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆಯೋ ನರಕ್ಕೆ ಕೊಡುವ ಒಂದೇ ಡೋಸೋ ಎಂಬ ಪ್ರಶ್ನೆಯನ್ನು ಕರ್ನಾಟಕ ಮತ್ತು ರಾಜಸ್ಥಾನದ 4,320 ಗರ್ಭಿಣಿಯರಲ್ಲಿ ಪರೀಕ್ಷಿಸಿದ ದೊಡ್ಡ ಪ್ರಯೋಗದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡಿದೆ. ಐಸಿಯು ರಕ್ತಹೀನತೆಯ ಒಂದು ಪಾಲನ್ನು ತಡೆಯುವ ಕೆಲಸ ಹೀಗೆ ಐಸಿಯುನಿಂದ ದೂರದಲ್ಲೇ ಆರಂಭವಾಗಬೇಕು.

ಇಲ್ಲಿನ ಕಾಯಿಲೆಗಳೂ ಬೇರೆ. ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಸೋರಿ ರಕ್ತ ಗಟ್ಟಿಯಾಗುತ್ತದೆ. ಆಗ ಹಿಮೋಗ್ಲೋಬಿನ್ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ, ಚೇತರಿಕೆಯಲ್ಲಿ ದ್ರವ ಮರಳಿದಾಗ ಮೊದಲೇ ಇದ್ದ ಕೊರತೆ ಬಯಲಾಗುತ್ತದೆ. ಮಲೇರಿಯಾ ಕೆಂಪು ಕಣಗಳನ್ನು ಒಡೆಯುತ್ತದೆ. ಕೊಳಕುಮಂಡಲದ ಕಡಿತದಲ್ಲಿ ರಕ್ತ ಹೆಪ್ಪುಗಟ್ಟದೆ ಸೋರುತ್ತದೆ, ಮೂತ್ರಪಿಂಡ ಕೆಟ್ಟು ಎರಿಥ್ರೊಪೊಯೆಟಿನ್ ಕೂಡ ಕುಗ್ಗುತ್ತದೆ. ಚಾಮರಾಜನಗರ, ಮೈಸೂರು ಭಾಗದ ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣ ರಕ್ತಹೀನತೆ ಇದೆ. ಹಲವು ಸಲ ರಕ್ತ ಏರಿಸಿಕೊಂಡ ಅಂಥ ರೋಗಿಯಲ್ಲಿ ಕಬ್ಬಿಣ ಕಡಿಮೆಯಿರುವುದಕ್ಕಿಂತ ಹೆಚ್ಚಾಗಿರುವ ಸಾಧ್ಯತೆಯೇ ಹೆಚ್ಚು. ಪರೀಕ್ಷಿಸದೆ ಕಬ್ಬಿಣ ಕೊಡುವುದು ಅಪಾಯ.

ಮನೆಗೆ ಹೋದ ಮೇಲೆ

ಐಸಿಯುನಿಂದ ಬದುಕಿ ಬಂದವರಲ್ಲಿ ಬಹುತೇಕರು ರಕ್ತಹೀನತೆ ಹೊತ್ತೇ ಮನೆಗೆ ಹೋಗುತ್ತಾರೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅಂಥ ಕೆಲವು ರೋಗಿಗಳನ್ನು ಬೆನ್ನುಹತ್ತಿ ನೋಡಿದ ಸಣ್ಣ ಅಧ್ಯಯನವೊಂದು ಅರ್ಧದಷ್ಟು ಮಂದಿ ಆರು ತಿಂಗಳಾದರೂ ಚೇತರಿಸಿಕೊಂಡಿರಲಿಲ್ಲ ಎಂದು 2009ರಲ್ಲಿ ತಿಳಿಸಿತು. ಮೆಟ್ಟಿಲು ಹತ್ತಲಾಗದು, ಸ್ನಾನ ಮಾಡಿ ಬಂದರೆ ಸಾಕು ಸುಸ್ತು, ಕೆಲಸಕ್ಕೆ ಮರಳಲು ಧೈರ್ಯ ಸಾಲದು ಎಂಬ ದೂರುಗಳನ್ನು ದೊಡ್ಡ ಕಾಯಿಲೆಯ ನಂತರ ಸಹಜವೆಂದು ಮನೆಯವರೂ ವೈದ್ಯರೂ ಬಿಟ್ಟುಬಿಡುತ್ತಾರೆ. ಇವುಗಳಲ್ಲಿ ಒಂದು ಪಾಲು ಕಬ್ಬಿಣದ್ದು. ಹಿಮೋಗ್ಲೋಬಿನ್ ಅಷ್ಟೊಂದು ಇಳಿಯದಿದ್ದರೂ ಸ್ನಾಯುಕೋಶಗಳಲ್ಲಿ ಕಬ್ಬಿಣ ಸಾಲದಿದ್ದರೆ ನಿಶ್ಶಕ್ತಿ ಬರುತ್ತದೆ.

ಕೊರತೆ ಎಷ್ಟೆಂದು ಅಂದಾಜಿಸಲು 1970ರಿಂದ ಬಳಕೆಯಲ್ಲಿರುವ ಗ್ಯಾಂಜೋನಿ ಸೂತ್ರವಿದೆ: ತೂಕವನ್ನು ಹಿಮೋಗ್ಲೋಬಿನ್ ಕೊರತೆಯಿಂದಲೂ 2.4ರಿಂದಲೂ ಗುಣಿಸಿ, ದಾಸ್ತಾನಿಗೆಂದು 500 ಸೇರಿಸುವುದು. 60 ಕಿಲೊ ತೂಕದ, 8 ಗ್ರಾಂ ಹಿಮೋಗ್ಲೋಬಿನ್ ಇರುವವರು 15ಕ್ಕೆ ಏರಬೇಕಾದರೆ ಸುಮಾರು 1,500 ಮಿಲಿಗ್ರಾಂ ಕಬ್ಬಿಣ ಬೇಕು. ಮನೆಯವರು ಅಕ್ಕರೆಯಿಂದ ಮಾಡಿಕೊಡುವ ಬೀಟ್‌ರೂಟ್ ರಸ, ದಾಳಿಂಬೆ, ಬೆಲ್ಲದ ಉಂಡೆ ರೋಗಿಗೆ ಹಿತವೇ. ಆದರೆ ಬಣ್ಣ ಕೆಂಪೆಂದು ಅವುಗಳಿಂದ ಇಷ್ಟು ಕಬ್ಬಿಣ ಸಿಗುವುದಿಲ್ಲ. ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವೂ ದೇಹಕ್ಕೆ ಹತ್ತುವುದು ಕಡಿಮೆ. ನಿಂಬೆರಸ ಜೊತೆಯಲ್ಲಿದ್ದರೆ ಹೆಚ್ಚುತ್ತದೆ, ಊಟದೊಂದಿಗೆ ಕಾಫಿ-ಟೀ ಕುಡಿದರೆ ಕುಗ್ಗುತ್ತದೆ. ಔಷಧದ ಅಗತ್ಯವಿದ್ದವರಿಗೆ ಮಾತ್ರೆ ಸಾಕಾಗಬಹುದು. ಒಂದು ಮಾತ್ರೆ ತೆಗೆದುಕೊಂಡರೆ ಒಂದು ದಿನದ ಮಟ್ಟಿಗೆ ಹೆಪ್ಸಿಡಿನ್ ಏರುವುದರಿಂದ, ದಿನ ಬಿಟ್ಟು ದಿನ ತೆಗೆದುಕೊಂಡಾಗ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ಹೀರಲ್ಪಡುತ್ತದೆ ಎಂದು ಜೂರಿಕ್‌ನ ಸಂಶೋಧಕರು ಕಬ್ಬಿಣದ ಕೊರತೆಯಿದ್ದ ಯುವತಿಯರಲ್ಲಿ 2017ರಲ್ಲಿ ತೋರಿಸಿದ್ದಾರೆ. ಮಾತ್ರೆ ಹಿಡಿಸದವರಿಗೂ ಕೊರತೆ ದೊಡ್ಡದಿದ್ದವರಿಗೂ ನರಕ್ಕೆ ಕೊಡಬಹುದು. ಉರಿಯೂತ ತಗ್ಗಿ ಹೆಪ್ಸಿಡಿನ್ ಇಳಿದಿರುವ ಈ ಹೊತ್ತಿನಲ್ಲಿ ಕೊಟ್ಟ ಕಬ್ಬಿಣ ಮಜ್ಜೆಗೆ ತಲುಪುವ ಸಂಭವ ಐಸಿಯು ದಿನಗಳಿಗಿಂತ ಹೆಚ್ಚು.

ಆಸ್ಪತ್ರೆಯಿಂದ ಕೊಡುವ ಬಿಡುಗಡೆ ಪತ್ರದಲ್ಲಿ ಹೊರಡುವ ದಿನದ ಹಿಮೋಗ್ಲೋಬಿನ್ ಎಷ್ಟು, ಐಸಿಯುನಲ್ಲಿ ಎಷ್ಟು ಚೀಲ ರಕ್ತ ಏರಿಸಲಾಯಿತು ಎಂಬುದನ್ನು ಬರೆಸಿಕೊಳ್ಳಿ. ನಾಲ್ಕರಿಂದ ಆರು ವಾರಗಳ ಹೊತ್ತಿಗೆ ಮರುಭೇಟಿಗೆ ಹೋದಾಗ ಹಿಮೋಗ್ಲೋಬಿನ್, ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ತುಂಬುವಿಕೆ ಈ ಮೂರನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಿ.